ಅಕ್ಯೂಟಾ, ಕ್ರಾನಿಕ್ಕಾ?

ಓದುಗರ ಪ್ರಶ್ನೆ: ಹೋಮಿಯೋಪಥಿ

ಪ್ರಶ್ನೆ: ಮಗನಿಗೆ ಶೀತ-ಜ್ವರ ಬಂದಾಗ ಹೋಮಿಯೋಪಥಿ ಡಾಕ್ಟರು ಐದೇ ನಿಮಿಷ ಮಾತಾಡಿಸಿ ಗುಳಿಗೆ ಕೊಟ್ಟರು. ಅದೇ ಡಾಕ್ಟರು ನನ್ನ ಮಂಡಿನೋವಿಗೆ ಒಂದೂವರೆ ಗಂಟೆ ಕೂರಿಸಿಕೊಂಡು, ಅಜ್ಜಿಗೆ ಏನು ಕಾಯಿಲೆಯಿತ್ತು, ರಾತ್ರಿ ಕಾಲು ಹೊದಿಕೆಯಿಂದ ಹೊರಗೆ ಹಾಕುತ್ತೀರಾ ಎಂದೆಲ್ಲ ಕೇಳಿದರು. ಯಾಕೆ ಈ ವ್ಯತ್ಯಾಸ? (ದಾವಣಗೆರೆ)

ಉತ್ತರ: ಮಗನದು ಅಕ್ಯೂಟ್, ನಿಮ್ಮದು ಕ್ರಾನಿಕ್ ಎಂದು ಅವರು ಮೊದಲೇ ವಿಂಗಡಿಸಿಕೊಂಡಿದ್ದಾರೆ. ಹೋಮಿಯೋಪಥಿಯಲ್ಲಿ ಮದ್ದು ಆರಿಸುವುದಕ್ಕಿಂತ ಮುಂಚಿನ ಕೆಲಸ ಇದು.

ಪಠ್ಯಪುಸ್ತಕದ ಕನ್ನಡದಲ್ಲಿ ಅಕ್ಯೂಟ್ ಎಂದರೆ ‘ತೀವ್ರ’. ಗೊಂದಲ ಹುಟ್ಟುವುದೇ ಅಲ್ಲಿ. ತೀವ್ರ ಎಂದರೆ ನಮ್ಮ ಕಿವಿಗೆ ‘ಜೋರು’ ಎಂದು ಕೇಳಿಸುತ್ತದೆ. ಆದರೆ ಮೂರು ದಿನದ ನೆಗಡಿಯೂ ಅಕ್ಯೂಟೇ. ಒಂದು ದಿನವೂ ನೋವು ಕೊಡದೆ ಹದಿನೈದು ವರ್ಷ ಕಿಡ್ನಿಯನ್ನು ಕೊರೆಯುವ ಬಿ.ಪಿ. ಕ್ರಾನಿಕ್. ಕಾಯಿಲೆ ಎಷ್ಟು ಜೋರು ಎಂಬುದಕ್ಕೂ ಈ ವಿಂಗಡಣೆಗೂ ಸಂಬಂಧವಿಲ್ಲ. ‘ಹೊಸ ಕಾಯಿಲೆ, ಹಳೇ ಕಾಯಿಲೆ’ ಎಂಬ ನಮ್ಮ ಮನೆಮಾತೇ ಇಲ್ಲಿ ಹೆಚ್ಚು ಸರಿ. ಆದರೂ ಪೂರ್ತಿ ಸರಿಯಲ್ಲ, ಏಕೆಂದರೆ ಹಳೇ ಕಾಯಿಲೆ ಹೊಸದರ ವೇಷ ಹಾಕಿಕೊಂಡು ಬರುವುದುಂಟು.

ಹೋಮಿಯೋಪಥಿಯ ಜನಕ ಹಾನಿಮನ್ ತನ್ನ ‘ಆರ್ಗನನ್’ ಗ್ರಂಥದ 72ನೇ ಸೂತ್ರದಲ್ಲಿ ಗೆರೆ ಎಳೆಯುವುದು ದಿನದ ಲೆಕ್ಕದ ಮೇಲಲ್ಲ, ಕಾಯಿಲೆಯ ನಡೆಯ ಮೇಲೆ. ಬೇಗ ಏರಿ, ಮಿತವಾದ ಅವಧಿಯಲ್ಲಿ ತನ್ನ ಓಟ ಮುಗಿಸುವುದು ಅಕ್ಯೂಟ್. ಆ ಓಟದ ಕೊನೆಗೆ ರೋಗಿ ಗುಣವಾಗಬಹುದು, ಸಾಯಲೂಬಹುದು. ಶುರುವಾದದ್ದೇ ಗೊತ್ತಾಗದಂತೆ ಸಣ್ಣಗೆ ಹೊಕ್ಕು, ದೇಹ ತನ್ನಷ್ಟಕ್ಕೆ ತಾನು ಆರಿಸಲಾಗದೆ ಬೆಳೆಯುತ್ತಲೇ ಹೋಗುವುದು ಕ್ರಾನಿಕ್. ಕ್ರಾನಿಕ್ ಕಾಯಿಲೆಗಳ ಮೇಲಿನ ಅವನ ಪ್ರತ್ಯೇಕ ಗ್ರಂಥ ಬಂದದ್ದು 1828ರಲ್ಲಿ. ಸರಿಯಾಗಿ ಆರಿಸಿದ ಮದ್ದಿಗೂ ಕೆಲವರಲ್ಲಿ ಕಾಯಿಲೆ ತಗ್ಗಿ ಮತ್ತೆ ಮರುಕಳಿಸುತ್ತಿತ್ತು, ಒಂದೊಂದು ಸಲಕ್ಕೂ ಮದ್ದಿನ ಗುಣ ಕುಗ್ಗುತ್ತಿತ್ತು. ಆ ತಲೆನೋವೇ ಅವನನ್ನು ಸೋರಾ, ಸಿಫಿಲಿಸ್, ಸೈಕೋಸಿಸ್ ಎಂಬ ಮೂರು ‘ಮಯಾಸ್ಮ್’ಗಳ (ದೇಹದಲ್ಲಿ ಬೇರೂರಿದ ರೋಗಮೂಲಗಳ) ಸಿದ್ಧಾಂತಕ್ಕೆ ಒಯ್ದಿತು. ಆ ಸಿದ್ಧಾಂತಕ್ಕೆ ಇಂದಿನ ರೋಗಶಾಸ್ತ್ರದಲ್ಲಿ ಜಾಗವಿಲ್ಲ. ಆದರೆ ಅದಕ್ಕೆ ಕಾರಣವಾದ ಗಮನಿಕೆ ಸುಳ್ಳಲ್ಲ.

ನೀವೇ ಮನೆಯಲ್ಲಿ ವಿಂಗಡಿಸಬೇಕೆಂದರೆ ಮೂರು ಪ್ರಶ್ನೆ ಸಾಕು. ಶುರುವಾದ ದಿನ ಹೇಳಬಲ್ಲಿರಾ? (‘ಸೋಮವಾರ ಸಂಜೆ ಮಳೆಯಲ್ಲಿ ನೆನೆದೆ, ರಾತ್ರಿಯೇ ಜ್ವರ’ ಎಂಬುದು ಒಂದು; ‘ಯಾವಾಗಿನಿಂದಲೋ ಇದೆ, ಎರಡನೇ ಹೆರಿಗೆ ಆದಮೇಲೆ ಇರಬಹುದು’ ಎಂಬುದು ಇನ್ನೊಂದು.) ಏನೂ ಮಾಡದೆ ಬಿಟ್ಟರೆ ಅದು ಎತ್ತ ಹೋಗುತ್ತದೆ? ಬಂದು ಹೋಗುವ ಜಾತಿಯದಾದರೆ, ನಡುವಿನ ದಿನಗಳಲ್ಲಿ ನೀವು ಪೂರ್ತಿ ಸರಿ ಇರುತ್ತೀರಾ?

ಇನ್ನು ಐದು ನಿಮಿಷದ ಲೆಕ್ಕ. ಅಕ್ಯೂಟ್‌ನಲ್ಲಿ ಎಲ್ಲವೂ ಹಸಿಯಾಗಿ ನೆನಪಿರುತ್ತದೆ. ಯಾವುದರಿಂದ ಶುರು, ಎಲ್ಲಿ, ಎಂಥ ನೋವು, ಏನು ಮಾಡಿದರೆ ಹೆಚ್ಚು-ಕಡಿಮೆ, ಜೊತೆಗೇನು ಎಂದು ಕೇಳಿದರೆ ಮುಗಿಯಿತು. ಒಂದು ಸೂಕ್ಷ್ಮವಿದೆ: ಅಕ್ಯೂಟ್‌ನಲ್ಲಿ ಲಕ್ಷಣ ಎಂದರೆ ಮಾಮೂಲಿಗಿಂತ ಬದಲಾದದ್ದು ಮಾತ್ರ. ಯಾವಾಗಲೂ ಚೊಂಬುಗಟ್ಟಲೆ ನೀರು ಕುಡಿಯುವ ಹುಡುಗ ಜ್ವರದಲ್ಲೂ ಕುಡಿದರೆ ಅದು ಲಕ್ಷಣವಲ್ಲ. ಅವನೇ ನೀರು ಬೇಡವೆಂದು ಕಣ್ಣು ಮುಚ್ಚಿ ತೂಕಡಿಸಿದರೆ ಲಕ್ಷಣ. ಹೋಮಿಯೋಪಥಿ ಪುಸ್ತಕ ಆಗ ಜೆಲ್ಸೀಮಿಯಂ ಕಡೆ ಕೈ ತೋರಿಸುತ್ತದೆ. ಅಲುಗಾಡಿದರೆ ಸಾಕು ನೋವು, ಆದ್ದರಿಂದ ಕಟ್ಟಿಗೆಯಂತೆ ಮಲಗಿ, ತಡೆದು ತಡೆದು ಒಮ್ಮೆಗೇ ಎರಡು ಲೋಟ ನೀರು ಕುಡಿಯುವವನಿಗೆ ಬ್ರಯೋನಿಯಾ. ಇಬ್ಬರಿಗೂ 101 ಡಿಗ್ರಿಯೇ ಇರಬಹುದು.

ಕ್ರಾನಿಕ್‌ನಲ್ಲಿ ಆ ‘ಬದಲಾದದ್ದು’ ವರ್ಷಗಳ ಹಿಂದೆ ಹೂತುಹೋಗಿರುತ್ತದೆ. ಅದನ್ನು ಅಗೆಯಲು ಒಂದೂವರೆ ಗಂಟೆ.

ದಿನದ ಲೆಕ್ಕವನ್ನು ಪೂರ್ತಿ ತಳ್ಳಿಹಾಕಬೇಡಿ. ಆಧುನಿಕ ವೈದ್ಯಕೀಯ ಕೆಮ್ಮನ್ನು ಮೂರು ವಾರದವರೆಗೆ ಅಕ್ಯೂಟ್ ಎನ್ನುತ್ತದೆ, ಎಂಟು ವಾರ ದಾಟಿದರೆ ಕ್ರಾನಿಕ್. ಮೈಮೇಲಿನ ಪಿತ್ತದ ಗಂಧೆಗೆ ಗಡಿ ಆರು ವಾರ, ಸೊಂಟನೋವಿಗೆ ಹನ್ನೆರಡು ವಾರ. ಭೇದಿ ಹದಿನಾಲ್ಕು ದಿನ ದಾಟಿದರೆ ಅದನ್ನು ಅಕ್ಯೂಟ್ ಎನ್ನುವಂತಿಲ್ಲ. ಕೆಮ್ಮು ಎರಡು ವಾರ ಮೀರಿತೆಂದರೆ ಗುಳಿಗೆ ಡಬ್ಬಿ ಪಕ್ಕಕ್ಕಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕ್ಷಯದ ಕಫ ಪರೀಕ್ಷೆ ಅಲ್ಲಿಂದ ಪುಕ್ಕಟೆ ಆಗುತ್ತದೆ.

ಪ್ರಶ್ನೆ: ಆರು ವರ್ಷದ ಮಗಳಿಗೆ ತಿಂಗಳು ಬಿಟ್ಟು ತಿಂಗಳು ಗಂಟಲುನೋವು, ಜ್ವರ. ಪ್ರತಿ ಸಲ ಬೆಲ್ಲಡೋನ 30 ಕೊಡುತ್ತಾರೆ, ಎರಡು-ಮೂರು ದಿನಕ್ಕೆ ಇಳಿಯುತ್ತದೆ. ಮತ್ತೆ ಬರುತ್ತದೆ. (ಶಿವಮೊಗ್ಗ)

ಉತ್ತರ: ಮೊದಲು ಒಂದು ನೋಟ್‌ಬುಕ್ ಮಾಡಿ. ಐದು ಕಲಂ ಇರಲಿ: ಶುರುವಾದ ತಾರೀಖು, ಅದಕ್ಕೆ ಹಿಂದಿನ ಎರಡು ದಿನ ನಡೆದದ್ದು (ಊರಿನ ಜಾತ್ರೆ, ಐಸ್‌ಕ್ರೀಂ, ಶಾಲೆಯಲ್ಲಿ ಯಾರಿಗೋ ಕೆಮ್ಮು), ಅತಿ ಹೆಚ್ಚಿನ ಜ್ವರ, ಗಂಟಲು ಬಿಟ್ಟು ಬೇರೇನು, ಪೂರ್ತಿ ಸರಿಹೋದ ತಾರೀಖು. ಕೊನೆಯ ಕಲಂ ತುಂಬಲು ಹೆಚ್ಚಿನವರು ಮರೆಯುತ್ತಾರೆ. ನಮಗೆ ಬೇಕಿರುವುದು ಅದೇ.

ಆರು ತಿಂಗಳ ನಂತರ ಪುಟ ತಿರುವಿ. ಪ್ರತಿ ಸಲ ಬೇರೆ ಬೇರೆ ರೂಪ, ಒಮ್ಮೆ ಮೂಗು, ಒಮ್ಮೆ ಹೊಟ್ಟೆ, ಒಮ್ಮೆ ಗಂಟಲು, ನಡುವೆ ಹುಡುಗಿ ಕುಣಿದಾಡಿಕೊಂಡಿದ್ದಾಳೆ ಎಂದಾದರೆ ಇವು ಬಿಡಿಬಿಡಿ ಅಕ್ಯೂಟ್‌ಗಳು. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಸಹಜ. ಅದಕ್ಕೆ ‘ಮೂಲದಿಂದ ಕಿತ್ತುಹಾಕುವ’ ಚಿಕಿತ್ಸೆ ಮಾರುವವರ ಮಾತು ಕೇಳಬೇಡಿ. ಪ್ರತಿ ಸಲ ಅದೇ ಜಾಗ, ಅದೇ ಕ್ರಮ, ನಡುವೆಯೂ ಟಾನ್ಸಿಲ್ ದಪ್ಪ, ಬಾಯಿ ತೆರೆದು ನಿದ್ದೆ, ಗೊರಕೆ, ತೂಕ ಏರುತ್ತಿಲ್ಲ ಎಂದಾದರೆ, ನೀವು ಅಕ್ಯೂಟ್ ಎಂದುಕೊಂಡದ್ದು ಕ್ರಾನಿಕ್ ಒಂದರ ಮರುಕಳಿಕೆ. 73ನೇ ಸೂತ್ರ ಇದನ್ನೇ ಒಳಗಿರುವ ಕಾಯಿಲೆಯ ತಾತ್ಕಾಲಿಕ ಸ್ಫೋಟ ಎನ್ನುವುದು.

ಆಗ ಬೆಲ್ಲಡೋನ ಒಂದನ್ನೇ ನೂಕುತ್ತ ಹೋಗುವುದು ಹೋಮಿಯೋಪಥಿಯ ಲೆಕ್ಕದಲ್ಲೂ ತಪ್ಪು. ಅದು ದಾಳಿಯ ಮದ್ದು. ಹೋಮಿಯೋಪಥಿಯಲ್ಲಿ ಇಂಥ ಮದ್ದುಗಳಿಗೆ ಆಳಕ್ಕಿಳಿಯುವ ಜೋಡಿಗಳಿವೆ: ಬೆಲ್ಲಡೋನದ ಹಿಂದೆ ಕಲ್ಕೇರಿಯ ಕಾರ್ಬ್, ಅಕೋನೈಟ್ ಹಿಂದೆ ಸಲ್ಫರ್, ಇಗ್ನೇಷಿಯದ ಹಿಂದೆ ನೇಟ್ರಂ ಮ್ಯೂರ್. ಹಾಗೆಂದು ಜೋಡಿ ನೋಡಿ ಕೊಟ್ಟುಬಿಡುವುದಲ್ಲ. ನಡುವಿನ ದಿನಗಳ ಮಗುವನ್ನು ನೋಡಿ ಆರಿಸಬೇಕು. ಜ್ವರ ಸುಡುತ್ತಿರುವಾಗ ಆ ಆಳದ ಮದ್ದಿಗೆ ಕೈ ಹಾಕುವುದಿಲ್ಲ, ದಾಳಿ ಇಳಿದ ಮೇಲೆ ಶುರು. ಬಹಳ ಕಡೆ ಎಡವುವುದು ಇಲ್ಲೇ: ದಾಳಿ ಇಳಿಯಿತೆಂದರೆ ತಂದೆ-ತಾಯಿ ಕ್ಲಿನಿಕ್ ಕಡೆ ಸುಳಿಯುವುದಿಲ್ಲ, ವೈದ್ಯರಿಗೆ ಮಗು ಸಿಗುವುದು ಸದಾ ಕೆಂಪು ಮುಖದಲ್ಲೇ.

ಒಂದು ಎಚ್ಚರ. ಕೆಮ್ಮಿಲ್ಲದೆ ಗಂಟಲುನೋವು, ಜ್ವರ, ಟಾನ್ಸಿಲ್ ಮೇಲೆ ಬಿಳಿ ಕಲೆ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು ಇವೆಲ್ಲ ಒಟ್ಟಿಗೆ ಕಂಡರೆ ಸ್ಟ್ರೆಪ್ (ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ) ಸೋಂಕಿನ ಅನುಮಾನ. ಅದಕ್ಕೆ ಪೆನಿಸಿಲಿನ್ ಗುಂಪಿನ ಔಷಧಿ ಹತ್ತು ದಿನ ಪೂರ್ತಿ ಬೇಕು. ಗಂಟಲು ಮೂರೇ ದಿನಕ್ಕೆ ವಾಸಿಯಾಗಿ ಕಾಣುತ್ತದೆ. ಚಿಕಿತ್ಸೆ ತಪ್ಪಿದ ಕೆಲವು ಮಕ್ಕಳಲ್ಲಿ ವಾರಗಳ ನಂತರ ರುಮ್ಯಾಟಿಕ್ ಜ್ವರವಾಗಿ ಹೃದಯದ ಕವಾಟ ಹಾಳಾಗುತ್ತದೆ. ಹೊಸ ಕಾಯಿಲೆ ಹಳೇ ಕಾಯಿಲೆಯಾಗುವ ದಾರಿಗಳಲ್ಲಿ ಇದೂ ಒಂದು. ಒಂದೇ ವರ್ಷದಲ್ಲಿ ಏಳು ಸಲ, ಅಥವಾ ಎರಡು ವರ್ಷ ಸತತ ಐದೈದು ಸಲ ಇಂಥ ದಾಳಿ ಬಂದರೆ ಇ.ಎನ್.ಟಿ. ತಜ್ಞರ ಅಭಿಪ್ರಾಯ ಪಡೆಯಿರಿ.

ಪ್ರಶ್ನೆ: ಎಂಟು ವರ್ಷದಿಂದ ತಲೆನೋವು. ವಾರಕ್ಕೆ ನಾಲ್ಕೈದು ದಿನ ಅಂಗಡಿ ಮಾತ್ರೆ ನುಂಗುತ್ತೇನೆ. ಕ್ರಾನಿಕ್ ಎಂದು ಹೋಮಿಯೋಪಥಿ ಶುರು ಮಾಡಿ ನಾಲ್ಕು ತಿಂಗಳಾಯಿತು, ಪ್ರಯೋಜನವಿಲ್ಲ. (ಹುಬ್ಬಳ್ಳಿ)

ಉತ್ತರ: ನಿಮ್ಮ ಪತ್ರದ ಎರಡನೇ ವಾಕ್ಯದಲ್ಲೇ ಉತ್ತರವಿರಬಹುದು.

ಕ್ರಾನಿಕ್ ಎಂದು ಕಾಣುವುದೆಲ್ಲ ಒಳಗಿನಿಂದಲೇ ಹುಟ್ಟಿದ್ದಲ್ಲ ಎಂದು ಹಾನಿಮನ್ ಎರಡು ಕಡೆ ಹೇಳುತ್ತಾನೆ. 74ನೇ ಸೂತ್ರದಲ್ಲಿ ಔಷಧಿಗಳೇ ಹುಟ್ಟಿಸಿದ ಕಾಯಿಲೆ. 77ನೇ ಸೂತ್ರದಲ್ಲಿ ಬದುಕುವ ರೀತಿ ಹುಟ್ಟಿಸಿದ್ದು: ತೇವದ ನೆಲಮಾಳಿಗೆ ವಾಸ, ಗಾಳಿ-ಬೆಳಕಿಲ್ಲದ ದುಡಿಮೆ, ಸದಾ ಚಿಂತೆ. ಕಾರಣ ತೆಗೆದರೆ ಎರಡನೇ ಜಾತಿಯವು ತಾವಾಗಿ ಹೋಗುತ್ತವೆ, ಅವನ್ನು ಕ್ರಾನಿಕ್ ಎಂದು ಕರೆಯುವುದೇ ತಪ್ಪು ಎನ್ನುತ್ತಾನೆ. ಸುಮಾರು ಇನ್ನೂರು ವರ್ಷ ಹಳೆಯ ಪುಸ್ತಕದಲ್ಲಿ ಇವತ್ತಿಗೂ ಹಾಗೇ ಬಳಸಬಹುದಾದ ಪುಟ ಇದು. ಹೆಚ್ಚಿನ ವೈದ್ಯರು ಇದನ್ನು ಹಾರಿಸಿ ನೇರ ಸೋರಾಕ್ಕೆ ಹೋಗಿಬಿಡುತ್ತಾರೆ.

ನರರೋಗ ತಜ್ಞರು ನಿಮ್ಮ ಸ್ಥಿತಿಗೆ ಮಾತ್ರೆ ಅತಿಬಳಕೆಯ ತಲೆನೋವು ಎನ್ನುತ್ತಾರೆ. ಲೆಕ್ಕ ಹೀಗೆ: ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥ ಒಂಟಿ ಔಷಧಿಯಾದರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಕೆಫೀನ್ ಬೆರೆಸಿದ ಮಿಶ್ರ ಮಾತ್ರೆಯಾದರೆ 10 ದಿನವೇ ಸಾಕು, ಹೀಗೆ ಮೂರು ತಿಂಗಳು ದಾಟಿರಬೇಕು. ವಾರಕ್ಕೆ ನಾಲ್ಕೈದು ದಿನ ಎಂದರೆ ತಿಂಗಳಿಗೆ ಹದಿನೇಳರಿಂದ ಇಪ್ಪತ್ತೊಂದು. ಸ್ಟ್ರಿಪ್‌ನ ಹಿಂಭಾಗ ಓದಿ, ಒಳಗೇನಿದೆ ನೋಡಿ. ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವಿನ ದಿನಕ್ಕೆ ಒಂದು ಗೆರೆ, ಮಾತ್ರೆ ನುಂಗಿದ ದಿನಕ್ಕೆ ಇನ್ನೊಂದು ಗೆರೆ ಎಳೆಯಿರಿ. ಎರಡೂ ಗೆರೆ ದಿನದಿನವೂ ಜೊತೆಯಾಗಿ ನಿಂತರೆ ಅನುಮಾನ ಗಟ್ಟಿ.

ವೈದ್ಯರಿಗೆ ತಿಳಿಸಿ ಮಾತ್ರೆ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಎರಡರಿಂದ ಹತ್ತು ದಿನ ತಲೆನೋವು ಹಿಂದಿಗಿಂತ ಜೋರಾಗುತ್ತದೆ, ವಾಂತಿ, ನಿದ್ದೆಗೇಡು ಬರಬಹುದು. ಹಲವರು ಸೋಲುವುದು ಈ ದಿನಗಳಲ್ಲೇ. ಅದಕ್ಕೇ ದೀಪಾವಳಿ ರಜೆಯಂಥ ಸಮಯ ಆರಿಸಿಕೊಳ್ಳಿ. ಟೀ-ಕಾಫಿಯನ್ನು ಅದೇ ವಾರ ದಿಢೀರ್ ಬಿಡಬೇಡಿ, ಕೆಫೀನ್ ಬಿಟ್ಟದ್ದಕ್ಕೇ ಬೇರೊಂದು ತಲೆನೋವು ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಹಲವು ವಾರ ಕಳೆದ ಮೇಲೆ ಉಳಿಯುವ ತಲೆನೋವು ಏನಿದೆಯೋ ಅದು ನಿಮ್ಮ ಅಸಲಿ ಕಾಯಿಲೆ. ಯಾವ ಪದ್ಧತಿಯವರೇ ಆಗಲಿ ಚಿಕಿತ್ಸೆ ಯೋಚಿಸಬೇಕಾದ್ದು ಅದಕ್ಕೆ.

ಸಿಡಿಲು ಬಡಿದಂತೆ ಒಮ್ಮೆಗೇ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲು ಸೋಲು, ಐವತ್ತರ ನಂತರ ಮೊದಲ ಬಾರಿ ಶುರುವಾದದ್ದು: ಇವಕ್ಕೆ ಕ್ಯಾಲೆಂಡರ್ ಬೇಡ, ಆಸ್ಪತ್ರೆಗೆ ನಡೆಯಿರಿ.

ಪ್ರಶ್ನೆ: ಮಳೆಗಾಲದ ಮೈಕೈ ನೋವಿನ ಜ್ವರಕ್ಕೆ ಯುಪಟೋರಿಯಂ ಪರ್ಫೋಲಿಯೇಟಂ ಒಳ್ಳೆಯದಂತೆ. ಡೆಂಗಿಯಾದರೂ ನಾಲ್ಕು ದಿನಕ್ಕೆ ಜ್ವರ ಇಳಿಯುತ್ತದಂತೆ, ನಿಜವೇ? (ಉಡುಪಿ)

ಉತ್ತರ: ಇಳಿಯುವುದು ನಿಜ, ಗುಳಿಗೆ ಇಲ್ಲದೆಯೂ ಇಳಿಯುತ್ತದೆ. ಅಪಾಯ ಇರುವುದೇ ಆ ಇಳಿಯುವಿಕೆಯಲ್ಲಿ. ಡೆಂಗಿ ಗಡಿಯಾರ ನೋಡಿ ನಡೆಯುವ ಅಕ್ಯೂಟ್ ಕಾಯಿಲೆ. ಮೂರರಿಂದ ಏಳನೇ ದಿನದೊಳಗೆ ಜ್ವರ ಬಿಡುತ್ತದೆ, ರಕ್ತನಾಳದಿಂದ ದ್ರವ ಸೋರುವುದು ಶುರುವಾಗುವುದು ಅದೇ ಹೊತ್ತಿಗೆ. ಮನೆಯವರು ‘ಗುಣವಾಯಿತು’ ಎಂದು ಗಂಜಿ ಕೊಟ್ಟು ಮಲಗಿಸುತ್ತಾರೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡು-ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗೆ, ಮಂಕು, ಮೂತ್ರ ಕಡಿಮೆ ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆ. ಎನ್.ಎಸ್.1 ಪರೀಕ್ಷೆ (ರಕ್ತದಲ್ಲಿ ಡೆಂಗಿ ವೈರಸ್ಸಿನ ಗುರುತು ಹುಡುಕುವುದು) ಮೊದಲ ಐದು ದಿನದೊಳಗೆ ಮಾಡಿಸಿ, ದಿನಾ ರಕ್ತಕಣಗಳ ಎಣಿಕೆ ಇರಲಿ, ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ. ಯುಪಟೋರಿಯಂ ಕೊಡುತ್ತೀರೋ ಬಿಡುತ್ತೀರೋ, ಇವ್ಯಾವುದಕ್ಕೂ ಅದು ಬದಲಿಯಲ್ಲ.

ಪ್ರಶ್ನೆ: ಕಜ್ಜಿಯಂಥ ಎಕ್ಸಿಮಾ. ಮುಲಾಮು ಬಿಡಿಸಿ ಹೋಮಿಯೋಪಥಿ ಶುರು ಮಾಡಿದರು. ಮೂರು ವಾರದಲ್ಲಿ ಮೈಯೆಲ್ಲ ಹಬ್ಬಿದೆ. ‘ಒಳಗಿದ್ದದ್ದು ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ’ ಎನ್ನುತ್ತಾರೆ. (ಮೈಸೂರು)

ಉತ್ತರ: ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಮುಚ್ಚಿಡಲಾಗಿದೆ.

ಮೊದಲನೆಯದು, ಹೋಮಿಯೋಪಥಿ ಗ್ರಂಥಗಳು ಹೇಳುವ ‘ಉಲ್ಬಣ’ (ಮದ್ದು ಕೊಟ್ಟ ಮೇಲೆ ಲಕ್ಷಣ ತುಸು ಏರುವುದು). ಅದು ಸಣ್ಣದು. ಅಕ್ಯೂಟ್‌ನಲ್ಲಿ ಮೊದಲ ಕೆಲವು ಗಂಟೆ, ಕ್ರಾನಿಕ್‌ನಲ್ಲಿ ಕೆಲವು ದಿನ. ಆಗಲೂ ರೋಗಿಗೆ ಒಟ್ಟಾರೆ ಹಗುರ ಎನಿಸಬೇಕು. ಮೂರು ವಾರ ಏರುತ್ತಲೇ ಹೋಗುವುದು ಆ ಲೆಕ್ಕಕ್ಕೇ ಹೊಂದುವುದಿಲ್ಲ. ಎರಡನೆಯದು, ಸ್ಟೆರಾಯ್ಡ್ ಮುಲಾಮು ಒಮ್ಮೆಗೇ ಬಿಟ್ಟಾಗ ಬರುವ ತಿರುಗೇಟು. ಮೂರನೆಯದು, ಕಾಯಿಲೆಯೇ ಜೋರಾಗಿರುವುದು. ಮೇಲಿನಿಂದ ಕೆಳಕ್ಕೆ, ಒಳಗಿನಿಂದ ಹೊರಕ್ಕೆ ಗುಣ ಎಂಬ ಹೇರಿಂಗ್ ಹೆಸರಿನ ನಿಯಮವನ್ನು ತಪ್ಪಿಗೆ ತೇಪೆಯಾಗಿ ಬಳಸುವುದು ಈ ವೃತ್ತಿಯ ಕೆಟ್ಟ ಚಾಳಿ.

ನಾಳೆ ಕನ್ನಡಿ ಮುಂದೆ ನಿಂತು ನೋಡಿ: ಹಳದಿ ಹೆಕ್ಕಳೆ, ಕೀವು, ಜ್ವರ ಇದ್ದರೆ ಬ್ಯಾಕ್ಟೀರಿಯಾ ಸೇರಿದೆ. ಒಂದೇ ಅಳತೆಯ, ಮೊಳೆ ಹೊಡೆದಂತಿರುವ ಪುಟ್ಟ ಹುಣ್ಣುಗಳ ಗುಂಪು, ಜೊತೆಗೆ ನೋವು, ಜ್ವರ ಇದ್ದರೆ ಅದು ಹರ್ಪಿಸ್ ಸೋಂಕಾಗಿರಬಹುದು, ಅವತ್ತೇ ಚರ್ಮರೋಗ ತಜ್ಞರ ಬಳಿ ಹೋಗಬೇಕು. ಕ್ರಾನಿಕ್ ಕಾಯಿಲೆಯ ಮೇಲೆ ಹೊಸ ಅಕ್ಯೂಟ್ ಕೂತಿದೆ ಎಂಬುದನ್ನು ಇಲ್ಲಿ ಕಂಡುಹಿಡಿಯದಿದ್ದರೆ ಬೆಲೆ ತೆರುವುದು ನಿಮ್ಮ ಚರ್ಮ. ಇವೆರಡೂ ಇಲ್ಲದಿದ್ದರೂ ಇದೇ ವಾರ ತೋರಿಸಿ, ಮುಲಾಮನ್ನು ಹಂತಹಂತವಾಗಿ ಇಳಿಸುವ ಕ್ರಮ ಕೇಳಿಕೊಳ್ಳಿ.

ಪ್ರಶ್ನೆ: ಹೋಮಿಯೋಪಥಿಯ 30ನೇ ಪೊಟೆನ್ಸಿಯಲ್ಲಿ ಮದ್ದಿನ ಒಂದು ಅಣುವೂ ಇರುವುದಿಲ್ಲ. ಹಾಗಿರುವಾಗ ಅಕ್ಯೂಟ್-ಕ್ರಾನಿಕ್ ಎಂದು ತಲೆ ಕೆಡಿಸಿಕೊಳ್ಳುವುದೇಕೆ? (ಬೆಂಗಳೂರು)

ಉತ್ತರ: ಲೆಕ್ಕ ಸರಿಯಾಗಿದೆ. ಒಂದಕ್ಕೆ ನೂರರಂತೆ ಹನ್ನೆರಡು ಸಲ ತೆಳುವಾಗಿಸುವಷ್ಟರಲ್ಲೇ ಅವೊಗಾಡ್ರೊ ಸಂಖ್ಯೆಯ ಗಡಿ (ಮೂಲ ವಸ್ತುವಿನ ಒಂದು ಅಣುವಾದರೂ ಉಳಿಯುವ ಮಿತಿ) ದಾಟುತ್ತದೆ. 30 ಎಂದರೆ ಒಂದರ ಮುಂದೆ ಅರವತ್ತು ಸೊನ್ನೆಯಷ್ಟು ತೆಳು. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ, ಹೋಮಿಯೋಪಥಿ ಪರಿಣಾಮಕಾರಿ ಎಂಬುದಕ್ಕೆ ನಂಬಲರ್ಹ ಆಧಾರವಿರುವ ಕಾಯಿಲೆ ಒಂದೂ ಇಲ್ಲ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಕ್ಷಯ, ಮಲೇರಿಯಾ, ಎಚ್.ಐ.ವಿ., ಶಿಶುಗಳ ಭೇದಿಯಂಥವಕ್ಕೆ ಇದನ್ನು ನೆಚ್ಚಬೇಡಿ ಎಂದಿದೆ. ಈ ಅಂಕಣ ಅದನ್ನು ಮುಚ್ಚಿಡುವುದಿಲ್ಲ.

ಆದರೂ ತಲೆ ಕೆಡಿಸಿಕೊಳ್ಳಬೇಕು, ಅದೇ ಕಾರಣಕ್ಕೆ. ಅಕ್ಯೂಟ್ ಕಾಯಿಲೆಗಳಲ್ಲಿ ಬಹುಪಾಲು ತಾವಾಗಿ ಮುಗಿಯುತ್ತವೆ, ಆದ್ದರಿಂದ ಆ ಹೊತ್ತಿಗೆ ಬಾಯಲ್ಲಿದ್ದ ಯಾವ ಗುಳಿಗೆಗೂ ಹೆಸರು ಬರುತ್ತದೆ. ಕ್ರಾನಿಕ್ ಕಾಯಿಲೆ ಏರಿಳಿಯುತ್ತದೆ. ಜನ ವೈದ್ಯರ ಬಳಿ ಬರುವುದು ಏರಿನ ತುದಿಯಲ್ಲಿ, ಅಲ್ಲಿಂದ ಮುಂದೆ ಇಳಿಯುವುದೇ ಉಳಿದಿರುತ್ತದೆ. ಯಾವ ಕಾಯಿಲೆ ಎತ್ತ ನಡೆಯುತ್ತದೆಂದು ತಿಳಿದವರು ಮಾತ್ರ ಮದ್ದು ಕೆಲಸ ಮಾಡಿತೋ, ಕಾಲ ಕೆಲಸ ಮಾಡಿತೋ ಎಂದು ಕೇಳಿಕೊಳ್ಳಬಲ್ಲರು.

ಪ್ರಶ್ನೆ: ಹಳೇ ಕಾಯಿಲೆಗೆ 1ಎಂ (ಸಾವಿರ ಸಲ ತೆಳುವಾಗಿಸಿದ್ದು), ಹೊಸದಕ್ಕೆ 30 ಎಂದು ನಿಯಮವಿದೆಯೇ? (ಕಲಬುರಗಿ)

ಉತ್ತರ: ಇಲ್ಲ. ರೂಢಿ ಇದೆ ಅಷ್ಟೇ. ವೈದ್ಯರಿಂದ ವೈದ್ಯರಿಗೆ ಅದೂ ಬದಲಾಗುತ್ತದೆ. ಹುಷಾರಾಗಿರಬೇಕಾದ್ದು ಸಣ್ಣ ನಂಬರಿನಲ್ಲಿ: ಬೆಲ್ಲಡೋನ, ಆರ್ಸೆನಿಕ್‌ನಂಥವುಗಳ ಮದರ್ ಟಿಂಕ್ಚರ್ (ತೆಳುವಾಗಿಸುವ ಮುಂಚಿನ ಮೂಲ ದ್ರಾವಣ) ಮತ್ತು ಕೆಳಗಿನ ಪೊಟೆನ್ಸಿಗಳಲ್ಲಿ ವಿಷ ಇನ್ನೂ ಉಳಿದಿರುತ್ತದೆ. ಮಕ್ಕಳ ಕೈಗೆ ಸಿಗದಂತೆ ಇಡಿ.

ಪ್ರಶ್ನೆ: ಅತ್ತೆಗೆ ಅಸ್ತಮಾ, ಹೋಮಿಯೋಪಥಿ ನಡೆಯುತ್ತಿದೆ. ರಾತ್ರಿ ಎರಡರ ಹೊತ್ತಿಗೆ ಉಬ್ಬಸ ಏರಿದರೆ ಇನ್‌ಹೇಲರ್ ಕೊಟ್ಟರೆ ಕ್ರಾನಿಕ್ ಚಿಕಿತ್ಸೆ ಕೆಡುತ್ತದೆಯೇ? (ತುಮಕೂರು)

ಉತ್ತರ: ಕೆಡುವುದಿಲ್ಲ, ಕೊಡಿ. ಅಸ್ತಮಾ ಕ್ರಾನಿಕ್, ರಾತ್ರಿಯ ದಾಳಿ ಅದರದೇ ಮರುಕಳಿಕೆ; ಕೊಲ್ಲುವುದು ದಾಳಿ. ನಡುರಾತ್ರಿಯ ಉಬ್ಬಸಕ್ಕೆ ಆರ್ಸೆನಿಕಂ, ಎರಡರಿಂದ ನಾಲ್ಕರ ಉಬ್ಬಸಕ್ಕೆ ಕಾಲಿ ಕಾರ್ಬ್ ಎಂದು ಪುಸ್ತಕದಲ್ಲಿ ಬರೆದಿರುವುದು ನಿಜ, ಆದರೆ ಬಿಗಿದ ಶ್ವಾಸನಾಳದ ಮೇಲೆ ಅದನ್ನು ಪರೀಕ್ಷಿಸುವ ಹೊತ್ತಲ್ಲ ಅದು. ಅವರನ್ನು ನೆಟ್ಟಗೆ ಕೂರಿಸಿ. ನೀಲಿ ಇನ್‌ಹೇಲರ್ (ಸಾಲ್ಬುಟಮಾಲ್) ಚೆನ್ನಾಗಿ ಅಲುಗಾಡಿಸಿ, ಸ್ಪೇಸರ್‌ಗೆ (ಇನ್‌ಹೇಲರಿಗೂ ಬಾಯಿಗೂ ನಡುವಿನ ಟೊಳ್ಳು ಕೊಳವೆ) ಹಾಕಿ, ಒಂದು ಪಫ್ ಒತ್ತಿ, ನಾಲ್ಕು ಉಸಿರು ಎಳೆಸಿ. ಹೀಗೆ ಒಂದೊಂದಾಗಿ ನಾಲ್ಕು ಪಫ್. ಎಲ್ಲರೂ ಮಾಡುವ ತಪ್ಪೆಂದರೆ ನಾಲ್ಕನ್ನೂ ಒಟ್ಟಿಗೆ ಒತ್ತಿಬಿಡುವುದು. ಆಗ ಒಳಕ್ಕೆ ಹೋಗುವ ಮದ್ದು ಕಡಿಮೆಯಾಗುತ್ತದೆ. ನಾಲ್ಕು ನಿಮಿಷ ಕಾದರೂ ಇಳಿಯದಿದ್ದರೆ ಮತ್ತೆ ನಾಲ್ಕು, ಅಷ್ಟರಲ್ಲಿ 108ಕ್ಕೆ ಕರೆ ಮಾಡಿ. ಒಂದು ವಾಕ್ಯ ಪೂರ್ತಿ ಆಡಲಾಗುತ್ತಿಲ್ಲ, ತುಟಿ ನೀಲಿ, ಮಂಪರು ಎಂದಾದರೆ ಕಾಯುವುದೇ ಬೇಡ.

ದಿನಾ ಎಳೆಯುವ ತಡೆ ಇನ್‌ಹೇಲರನ್ನು (ಸ್ಟೆರಾಯ್ಡ್ ಇರುವುದು) ಉಸಿರು ಸರಾಗವಾಗಿದೆ ಎಂದು ನೀವಾಗಿ ನಿಲ್ಲಿಸಬೇಡಿ. ಪೀಕ್ ಫ್ಲೋ ಮೀಟರ್ (ಉಸಿರು ಊದುವ ವೇಗ ಅಳೆಯುವ ಸಾಧನ) ಒಂದು ತಂದು ಬೆಳಿಗ್ಗೆ-ಸಂಜೆ ಊದಿಸಿ ಬರೆದಿಡಿ. ಅವರದೇ ಅತ್ಯುತ್ತಮ ಅಂಕಿಯ ಶೇ 80ಕ್ಕಿಂತ ಕೆಳಗಿಳಿದರೆ ವೈದ್ಯರಿಗೆ ಫೋನ್ ಮಾಡಿ, ಶೇ 50ಕ್ಕಿಂತ ಕೆಳಗೆ ಹೋದರೆ ನೀಲಿ ಇನ್‌ಹೇಲರ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ.